ಎದೆಯ ಮೇಲಿನ ಮಾತು

ಒಂದಂಗುಲ ಅಗಲದ ದುಂಡನೆಯ ತಗಡಿನ ಬಿಲ್ಲೆ; ಹಿಂಬದಿಗೆ ಒಂದು ಸೂಜಿ; ಮುಂಬದಿಗೆ, ಹೊಳೆಯುವ ಪೊರೆಯ ಕೆಳಗೆ, ಒಬ್ಬ ಗ್ರಂಥಕರ್ತನ ಒಂದು ವಾಕ್ಯ ಮತ್ತು ಅವನ ಹೆಸರು. ಅಮೆರಿಕದ ತರುಣರು ಇಂಥದನ್ನು ಅಂಗಿಯ ಎದೆಗೋ ಕೈಚೀಲದ ಪಟ್ಟಿಗೋ ಚುಚ್ಚಿಕೊಂಡು ತಿರುಗಾಡುವುದುಂಟು. ಅಂಥ ಬಿಲ್ಲೆಗಳ ಮೇಲೆ ಕಾಣಬರುವ ಹೆಸರುಗಳಲ್ಲಿ ಹಂಟರ್ ಥಾಂಪ್ಸನ್ ಎಂಬವನದೂ ಒಂದು. 1937ರಲ್ಲಿ ಕೆಂಟಕಿ ಸಂಸ್ಥಾನದ ಲೂಯಿವಿಲ್ ಪಟ್ಟಣದಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಈ ಪತ್ರಿಕಾಲೇಖಕನು, ಸಮಾಜವು ಒಪ್ಪಿದ ದಾರಿಗೆ ಬೆನ್ನು ತಿರುಗಿಸಿ ಎದುರು ದಾರಿಯನ್ನು ಹಿಡಿದವರ ಸಾಲಿನಲ್ಲಿ ಎಣಿಸಲ್ಪಡುವವನು. ಇಷ್ಟು ಕಿರಿದಾದ ವಸ್ತುವಿಗೆ ಒಂದು ಪ್ರಬಂಧವೇಕೆ ಎಂದು ವಾಚಕರು ಕೇಳಬಹುದು. ನಾವು ವಿಚಾರಿಸಹೊರಟಿರುವುದು ಬಿಲ್ಲೆಯ ಬೆಲೆಯನ್ನಲ್ಲ. ಇನ್ನೊಬ್ಬನು ಬರೆದ ಮಾತನ್ನು ಎದೆಯ ಮೇಲೆ ಧರಿಸಿ ನಾಲ್ಕು ಜನರ ನಡುವೆ ನಡೆಯುವಾಗ, ಆ ಮಾತನ್ನು ಆಡುತ್ತಿರುವವರು ಯಾರು? ಬರೆದವನೋ, ಧರಿಸಿದವನೋ? ಆ ಮಾತಿಗೆ ಯಾರಾದರೂ ಉತ್ತರ ಕೇಳಿದರೆ ಹೇಳಬೇಕಾದ ಹೊಣೆ ಯಾರದು?

ಬಿಲ್ಲೆಯೆಂಬುದು ನಮಗೆ ಹೊಸದಲ್ಲ. ಕಚೇರಿಯ ಜವಾನನ ಎದೆಯ ಮೇಲಿನ ಹಿತ್ತಾಳೆಯ ಬಿಲ್ಲೆಯನ್ನು ನಮ್ಮ ಹಿರಿಯರು ಕಂಡಿದ್ದರು. ಅದನ್ನು ಕಂಡೊಡನೆ ಹಳ್ಳಿಯವರು ಹೆಗಲ ಮೇಲಿನ ವಸ್ತ್ರವನ್ನು ಇಳಿಸುತ್ತಿದ್ದರು. ಅಲ್ಲಿ ಮನ್ನಣೆ ಸಲ್ಲುತ್ತಿದ್ದುದು ಜವಾನನಿಗಲ್ಲ, ಅವನನ್ನು ಕಳುಹಿಸಿದ ಸರಕಾರಕ್ಕೆ. ಬಹುಕಾಲದವರೆಗೆ ಬಿಲ್ಲೆಯೆಂದರೆ ಮೇಲಿನವರು ಕೆಳಗಿನವರಿಗೆ ಕೊಡುವ ಗುರುತಾಗಿತ್ತು. ಈ ಕ್ರಮವನ್ನು ತಲೆಕೆಳಗು ಮಾಡಿದುದು ಒಂದು ಕಾರ್ಖಾನೆಯ ಉಪಾಯ. ನ್ಯೂ ಜೆರ್ಸಿಯ ನ್ಯೂಅರ್ಕ್ ಪಟ್ಟಣದ ವೈಟ್‌ಹೆಡ್ ಮತ್ತು ಹೋಗ್ ಎಂಬ ಸಂಸ್ಥೆಯವರು, ಅಚ್ಚು ಹಾಕಿದ ಕಾಗದದ ಮೇಲೆ ಸೆಲ್ಯುಲಾಯಿಡ್ ಪೊರೆಯನ್ನು ಹೊದಿಸಿ, ಅದನ್ನು ತಗಡಿನ ಬಿಲ್ಲೆಗೆ ಬಳೆಯಿಂದ ಬಿಗಿದು, ಹಿಂದೆ ತಂತಿಯ ಸೂಜಿಯನ್ನು ಕೂಡಿಸುವ ವಿಧಾನಕ್ಕೆ 1896ರಲ್ಲಿ ಹಕ್ಕುಪತ್ರವನ್ನು ಪಡೆದರು. ಅದೇ ವರ್ಷ ಮೆಕಿನ್ಲಿ ಮತ್ತು ಬ್ರಯನ್ ಎಂಬಿಬ್ಬರ ನಡುವೆ ಅಮೆರಿಕದ ಅಧ್ಯಕ್ಷ ಪದವಿಗಾಗಿ ಚುನಾವಣೆ ನಡೆಯಿತು. ಬಿಲ್ಲೆಗಳು ಎರಡು ಪಕ್ಷದವರ ಎದೆಯನ್ನೂ ಏರಿದವು. ಅಂದಿನಿಂದ, ಯಾರ ಅಪ್ಪಣೆಯೂ ಇಲ್ಲದೆ, ಕೆಲವು ಕಾಸಿಗೆ, ಯಾವನಾದರೂ ತನಗೆ ಬೇಕಾದ ಮಾತನ್ನು ಬಿಲ್ಲೆ ಮಾಡಿ ಧರಿಸಬಹುದಾಯಿತು. ಇದು ಸಣ್ಣ ಸ್ವಾತಂತ್ರ್ಯವಲ್ಲ. ಮುಂದೆ ನಾವು ಬಿಲ್ಲೆಯನ್ನು ಕುರಿತು ಎತ್ತುವ ಆಕ್ಷೇಪಗಳನ್ನು ಓದುವಾಗ ವಾಚಕರು ಇದನ್ನು ಮರೆಯಬಾರದು.

ಆ ಸ್ವಾತಂತ್ರ್ಯವು ತನ್ನ ತೂಕವನ್ನು ಉಳಿಸಿಕೊಂಡಿದ್ದ ಒಂದು ನಿದರ್ಶನವನ್ನು ಮೊದಲು ನೋಡೋಣ. 1958ರ ಈಸ್ಟರ್ ಹಬ್ಬದ ದಿನಗಳಲ್ಲಿ ಅಣ್ವಸ್ತ್ರಗಳನ್ನು ವಿರೋಧಿಸಿದವರು ಲಂಡನ್ನಿನಿಂದ ಆಲ್ಡರ್‌ಮಾಸ್ಟನ್ನಿನವರೆಗೆ ಕಾಲ್ನಡಿಗೆಯಲ್ಲಿ ಹೋದರು. ಆ ಯಾತ್ರೆಗಾಗಿ ಜೆರಾಲ್ಡ್ ಹಾಲ್ಟಮ್ ಎಂಬ ಕಲಾವಿದನು ಬರೆದ ಚಿಹ್ನೆ, ವೃತ್ತದೊಳಗೆ ನಿಂತ ಒಂದು ಗೆರೆ ಮತ್ತು ಕೆಳಮುಖವಾಗಿ ಇಳಿದ ಎರಡು ಗೆರೆ, ಇಂದು ಜಗತ್ತಿಗೆಲ್ಲ ಪರಿಚಿತ. ಅದರ ಮೊದಲ ಬಿಲ್ಲೆಗಳು ತಗಡಿನವಾಗಿರಲಿಲ್ಲ. ಎರಿಕ್ ಆಸ್ಟೆನ್ ಎಂಬವನು ಬಿಳಿಯ ಜೇಡಿಮಣ್ಣಿನಿಂದ ಅವುಗಳನ್ನು ಮಾಡಿ, ಚಿಹ್ನೆಯನ್ನು ಕಪ್ಪಾಗಿ ಬರೆದು, ಆವಿಗೆಯಲ್ಲಿ ಸುಟ್ಟನು. ಜೊತೆಗೆ ಒಂದು ಚೀಟಿಯನ್ನೂ ಹಂಚಲಾಯಿತು. ಅಣುಯುದ್ಧವು ನಡೆದರೆ, ಆ ಬೆಂಕಿಯನ್ನು ದಾಟಿ ಉಳಿಯುವ ಕೆಲವೇ ಮಾನವನಿರ್ಮಿತ ವಸ್ತುಗಳಲ್ಲಿ ಈ ಸುಟ್ಟ ಮಣ್ಣಿನ ಬಿಲ್ಲೆಯೂ ಒಂದಾಗಿರುವುದು ಎಂಬುದು ಅದರ ತಾತ್ಪರ್ಯ. ತಾನು ಬೂದಿಯಾದರೂ ತನ್ನ ಬಿಲ್ಲೆ ಉಳಿಯುವುದೆಂದು ತಿಳಿದು ಧರಿಸುವವನ ಮನಸ್ಸನ್ನು ಊಹಿಸಿಕೊಳ್ಳಿರಿ. ಅಲ್ಲಿ ಮಾತೂ ಇಲ್ಲ, ಗ್ರಂಥಕರ್ತನ ಹೆಸರೂ ಇಲ್ಲ. ಆದರೂ ಧರಿಸಿದವನು ಏನನ್ನು ಹೇಳುತ್ತಿದ್ದಾನೆ ಎಂಬುದರಲ್ಲಿ ಸಂಶಯಕ್ಕೆಡೆಯಿಲ್ಲ.

ಮುಂದಿನ ಹತ್ತು ವರ್ಷಗಳಲ್ಲಿ ಬಿಲ್ಲೆಗಳು ಅಮೆರಿಕದ ವಿದ್ಯಾರ್ಥಿಗಳ ನಡುವೆ ಮಳೆಗಾಲದ ಅಣಬೆಗಳಂತೆ ಎದ್ದುವು. ಚಿತ್ರದ ಸ್ಥಳವನ್ನು ಮಾತು ಹಿಡಿಯಿತು. ಮೂವತ್ತು ವರ್ಷ ದಾಟಿದ ಯಾರನ್ನೂ ನಂಬಬೇಡಿರಿ ಎಂಬ ಅರ್ಥದ ಮಾತೊಂದು ಆಗ ಬಹಳ ಓಡಾಡಿತು. ಅದನ್ನು 1964ರಲ್ಲಿ ಬರ್ಕ್ಲಿಯ ವಿದ್ಯಾರ್ಥಿ ಚಳವಳಿಯ ಜ್ಯಾಕ್ ವೈನ್‌ಬರ್ಗ್ ಒಬ್ಬ ವರದಿಗಾರನೊಡನೆ ಆಡಿದ್ದನು. ವಿದ್ಯಾರ್ಥಿಗಳ ಬೆನ್ನ ಹಿಂದೆ ಯಾರೋ ಹಿರಿಯರು ನಿಂತು ಕುಣಿಸುತ್ತಿದ್ದಾರೆಂದು ವರದಿಗಾರನು ಸೂಚಿಸಿದಾಗ, ಅವನ ಬಾಯಿ ಮುಚ್ಚಿಸಲು ಹೇಳಿದ ಮಾತದು, ಸಿದ್ಧಾಂತವೆಂದು ಹೇಳಿದುದಲ್ಲ. ಬಿಲ್ಲೆಗೆ ಏರಿದ ಮೇಲೆ ಅದು ಒಂದು ಪೀಳಿಗೆಯ ಧರ್ಮಸೂತ್ರವಾಯಿತು. ಆಡಿದವನನ್ನು ಬಿಟ್ಟು ಬೇರೆ ಬೇರೆ ಪ್ರಸಿದ್ಧರ ಹೆಸರಿಗೂ ಅಂಟಿಕೊಂಡಿತು. ವೈನ್‌ಬರ್ಗನಿಗೆ ಸ್ವತಃ 1970ರಲ್ಲಿ ಮೂವತ್ತು ತುಂಬಿತು! ಸಂದರ್ಭವನ್ನು ಕಳೆದುಕೊಂಡ ಮಾತು ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಇಷ್ಟು ಸಾಕು.

ಇನ್ನು ಥಾಂಪ್ಸನ್ನನ ವಿಷಯ. ಈತನ ಬಾಳು ವಿದ್ಯಾರ್ಥಿಗಳ ಮುಂದೆ ಆದರ್ಶವೆಂದು ಇಡಬಹುದಾದುದಲ್ಲ. ಮದ್ಯ, ಮಾದಕವಸ್ತು, ಬಂದೂಕು, ಇವು ಅವನ ಬರಹದಲ್ಲಿ ಹೇಗೋ ಹಾಗೆ ಬಾಳಿನಲ್ಲಿಯೂ ಇದ್ದುವು. ಕೊನೆಗೆ ತನ್ನ ಕೈಯಿಂದಲೇ ಪ್ರಾಣವನ್ನು ಕಳೆದುಕೊಂಡನು. ಇದನ್ನು ಮುಚ್ಚಿಡುವುದು ಸರಿಯಲ್ಲ. ಮುಚ್ಚಿಟ್ಟು ಬರಿಯ ವಾಕ್ಯವನ್ನು ಎತ್ತಿಕೊಳ್ಳುವುದೇ ಬಿಲ್ಲೆಯ ಮೊದಲ ದೋಷವೆಂದು ನಮಗೆ ತೋರುತ್ತದೆ. ಆದರೆ ಆತನು ಕಣ್ಣಿದ್ದ ಲೇಖಕ. 1967ರಲ್ಲಿ ಪ್ರಕಟವಾದ ಅವನ ಮೊದಲ ಪುಸ್ತಕವು ಕ್ಯಾಲಿಫೋರ್ನಿಯದ 'ಹೆಲ್ಸ್ ಏಂಜಲ್ಸ್' ಎಂಬ ಮೋಟಾರ್ ಸೈಕಲ್ ತಂಡದವರನ್ನು ಕುರಿತದ್ದು. ಅವರೊಡನೆ ಸುಮಾರು ಒಂದು ವರ್ಷ ಓಡಾಡಿ, ಕೊನೆಗೆ 1966ರಲ್ಲಿ ಅವರಿಂದಲೇ ಪೆಟ್ಟು ತಿಂದು, ಆತನು ಅದನ್ನು ಬರೆದನು. ಆ ತಂಡದವರ ಅಂಗಿಯ ಬೆನ್ನಿನ ಮೇಲೆ ರೆಕ್ಕೆಯುಳ್ಳ ತಲೆಬುರುಡೆಯ ಲಾಂಛನ ಹೊಲಿದಿರುತ್ತದೆ. ಅದನ್ನು ಅಂಗಡಿಯಲ್ಲಿ ಕೊಳ್ಳುವಂತಿಲ್ಲ. ತಂಡಕ್ಕೆ ಸೇರದವನು ಅದನ್ನು ಧರಿಸಿ ಅವರ ಕಣ್ಣಿಗೆ ಬಿದ್ದರೆ ಮೈಮೇಲೆ ಚರ್ಮ ಉಳಿಯಲಿಕ್ಕಿಲ್ಲ. ಅವರ ಬಾಳುವೆಯನ್ನು ನಾವು ಮೆಚ್ಚಬೇಕಾದುದಿಲ್ಲ. ಆದರೆ ಲಾಂಛನಕ್ಕೂ ಧರಿಸಿದವನ ದೇಹಕ್ಕೂ ನಡುವೆ ಒಂದು ಋಣವಿದೆಯೆಂಬುದನ್ನು ಆ ಒರಟರು ತಿಳಿದಿದ್ದರು. ಕೈಚೀಲಕ್ಕೆ ಐದಾರು ಗ್ರಂಥಕರ್ತರನ್ನು ಸಾಲಾಗಿ ಚುಚ್ಚಿಕೊಂಡಿರುವ ಸಭ್ಯ ತರುಣನಿಗೆ ಅದು ತಿಳಿದಿದೆಯೆ?

1970ರಲ್ಲಿ ಥಾಂಪ್ಸನ್ ತಾನೇ ಒಂದು ಬಿಲ್ಲೆಗಾಗಿ ಸ್ಪರ್ಧಿಸಿದನೆಂಬುದು ಸ್ವಾರಸ್ಯದ ಸಂಗತಿ. ಕೊಲರಾಡೊ ಸಂಸ್ಥಾನದ ಆಸ್ಪೆನ್ ಪಟ್ಟಣವಿರುವ ಪಿಟ್ಕಿನ್ ಜಿಲ್ಲೆಯಲ್ಲಿ ಅವನು ಷೆರೀಫ್ ಪದವಿಗೆ ನಿಂತನು. ಅಲ್ಲಿ ಷೆರೀಫನೆಂದರೆ ಜನರಿಂದ ಚುನಾಯಿತನಾದ ಪೊಲೀಸು ಅಧಿಕಾರಿ. ಅವನ ಎದೆಯ ಮೇಲಿನ ನಕ್ಷತ್ರವೇ ಅವನ ಅಧಿಕಾರದ ಗುರುತು. ಹಿಂದಿನ ಷೆರೀಫನು ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡವನಾಗಿದ್ದುದರಿಂದ, ಥಾಂಪ್ಸನ್ ತನ್ನ ತಲೆಯನ್ನು ನುಣ್ಣಗೆ ಬೋಳಿಸಿಕೊಂಡು ಬಂದು, ಅವನನ್ನು ಉದ್ದಗೂದಲಿನ ಎದುರಾಳಿಯೆಂದು ಕರೆಯುತ್ತಿದ್ದನಂತೆ. ಊರಿನ ಬೀದಿಗಳನ್ನು ಅಗೆದು ಹುಲ್ಲು ಬೆಳೆಸುವುದು, ನೆಲದ ಮೇಲೆ ಹಣ ಹೂಡುವವರು ಹೇಸಿ ಹಿಂದಿರುಗುವಂತೆ ಊರಿನ ಹೆಸರನ್ನೇ ಕೆಡಿಸಿಡುವುದು, ಇವು ಅವನ ಘೋಷಣೆಯಲ್ಲಿ ಸೇರಿದ್ದುವು. ನಗೆಯಂತೆ ಕಂಡರೂ ಉದ್ದೇಶ ನಗೆಯದಾಗಿರಲಿಲ್ಲ. ಬೆಟ್ಟದ ಊರೊಂದು ಧನಿಕರ ಪಾಲಾಗುವುದನ್ನು ತಡೆಯಬೇಕೆಂಬುದು ಅದರ ತಿರುಳು. ಆತನು ಸೋತನು. ಆ ಚುನಾವಣೆಗಾಗಿ ಟಾಮ್ ಬೆಂಟನ್ ಎಂಬ ಕಲಾವಿದನು ಅಚ್ಚು ಹಾಕಿದ ಭಿತ್ತಿಪತ್ರದಲ್ಲಿ ಷೆರೀಫನ ನಕ್ಷತ್ರದೊಳಗೆ ಒಂದು ಮುಷ್ಟಿ, ಆ ಮುಷ್ಟಿಯಲ್ಲಿ ಮತ್ತೇರಿಸುವ ಪೆಯೋಟೆ ಕಳ್ಳಿಯ ಒಂದು ಗುಂಡಿ. ಕಂಡವರು ಬೆಚ್ಚುವಂತೆ ಆ ಮುಷ್ಟಿಗೆ ಎರಡು ಹೆಬ್ಬೆರಳುಗಳು. ಸರಕಾರದ ಬಿಲ್ಲೆಯನ್ನೇ ಕಸಿದುಕೊಂಡು ಅದರೊಳಗೆ ಎದುರುಮಾತನ್ನು ಕೂಡಿಸಿದ ಈ ಚಿತ್ರವು, ಆ ವರ್ಷ, ಆ ಊರಿನಲ್ಲಿ, ಎದೆಯ ಮೇಲೆ ಧರಿಸಿದವನಿಗೆ ನೆರೆಹೊರೆಯವರೊಡನೆ ಜಗಳವನ್ನು ತಂದಿದ್ದೀತು. ಇಂದು ಅದು ಎಲ್ಲಿಯಾದರೂ ದೊರೆಯುವ ಅಲಂಕಾರ. 2005ರ ಆಗಸ್ಟಿನಲ್ಲಿ ಅವನ ಬೂದಿಯನ್ನು ಆಕಾಶಕ್ಕೆ ಹಾರಿಸಿದುದು ಅದೇ ಮುಷ್ಟಿಯ ಆಕಾರದ, 153 ಅಡಿ ಎತ್ತರದ ಗೋಪುರದಿಂದ. ವೆಚ್ಚವನ್ನು ಒಬ್ಬ ಸಿನಿಮಾ ನಟನು ವಹಿಸಿದನು.

ಈಗ ಮಾತಿನ ಶುದ್ಧಿಯನ್ನು ನೋಡೋಣ. ಥಾಂಪ್ಸನ್ನನ ಹೆಸರಿನಲ್ಲಿ ಹೆಚ್ಚಾಗಿ ಮೆರೆಯುವ ಉಕ್ತಿಗಳಲ್ಲಿ ಒಂದು ಸಂಗೀತ ವ್ಯಾಪಾರದ ಕ್ರೌರ್ಯವನ್ನು ಕುರಿತದ್ದು. ಆದರೆ ಆತನು 1985ರಲ್ಲಿ ಒಂದು ವೃತ್ತಪತ್ರಿಕೆಯ ಅಂಕಣದಲ್ಲಿ ಅದನ್ನು ಬರೆದುದು ದೂರದರ್ಶನ ವ್ಯಾಪಾರವನ್ನು ಕುರಿತು, ಸಂಗೀತವನ್ನು ಕುರಿತಲ್ಲ. ಯಾರೋ ಒಂದು ಪದವನ್ನು ಬದಲಿಸಿದರು. ಇನ್ನಾರೋ ಕೊನೆಯಲ್ಲಿ, ಆತನು ಬರೆಯದೆ ಇದ್ದ ಒಂದು ಚಟಾಕಿಯನ್ನು ಜೋಡಿಸಿದರು. ಆ ಚಟಾಕಿಗಾಗಿಯೇ ಜನ ಅದನ್ನು ನೆನೆಯುತ್ತಾರೆ! ಹೀಗಾಗಿ, ಕೆಳಗೆ ಅವನ ಹೆಸರನ್ನು ಹೊತ್ತ ಆ ಉಕ್ತಿಯಲ್ಲಿ ಜನರಿಗೆ ಬಲು ಪ್ರಿಯವಾದ ಭಾಗವೇ ಅವನದಲ್ಲ.

ಇದಕ್ಕೆ ಒಂದು ಪ್ರತಿವಾದವುಂಟು. ಅದನ್ನು ಲಘುವಾಗಿ ತಳ್ಳಿಹಾಕಲಾಗದು. ಮಾತು ಜನರ ಬಾಯಿಗೆ ಬಿದ್ದಾಗ ತಿರುಗುವುದು, ಸವೆಯುವುದು, ಹೊಸ ಬಾಲವನ್ನು ಬೆಳೆಸುವುದು ಸಹಜವಲ್ಲವೆ? ನಮ್ಮ ಗಾದೆಗಳೆಲ್ಲ ಹೀಗೆಯೇ ಹುಟ್ಟಲಿಲ್ಲವೆ? ಒಂದೇ ಗಾದೆ ಸೊಲ್ಲಾಪುರದಲ್ಲಿ ಒಂದು ರೂಪದಲ್ಲಿ, ಕಾಸರಗೋಡಿನಲ್ಲಿ ಇನ್ನೊಂದು ರೂಪದಲ್ಲಿ ಕೇಳಿಬಂದರೆ ನಾವು ದೂರುತ್ತೇವೆಯೆ? ದೂರುವುದಿಲ್ಲ; ಸರಿ. ಆದರೆ ಗಾದೆಯ ಕೆಳಗೆ ಯಾರ ರುಜುವೂ ಇಲ್ಲ. ಅದು ಊರ ಗೋಮಾಳ. ಯಾರ ದನವಾದರೂ ಮೇಯಬಹುದು. ಗಾದೆಯನ್ನಾಡುವವನು ತನ್ನ ಅನುಭವದ ಬಲದಿಂದಲೇ ಅದನ್ನು ನಿಲ್ಲಿಸಬೇಕು. ಬಿಲ್ಲೆಯ ಉಕ್ತಿಯಾದರೋ ಒಬ್ಬನ ಹೆಸರಿನ ಬಲದಿಂದ ನಿಲ್ಲುತ್ತದೆ. ಹೆಸರು ಬೇಕು, ಹೆಸರಿನ ಹಿಂದಿರುವ ಬರಹ ಬೇಡವೆಂದರೆ ಅದು ಅಡವು ಇಡದೆ ಸಾಲ ಎತ್ತಿದಂತೆ. ನಮ್ಮ ವಚನಕಾರರು ಸಾಮಾನ್ಯವಾಗಿ ವಚನದ ಕೊನೆಯ ಅಂಕಿತದಲ್ಲಿ ತಮ್ಮ ಹೆಸರನ್ನಲ್ಲ, ಇಷ್ಟದೈವದ ಹೆಸರನ್ನು ಇರಿಸಿದರು. ಆಡಿದ ಮಾತಿಗೆ ದೈವವನ್ನೇ ಸಾಕ್ಷಿಯಾಗಿ ನಿಲ್ಲಿಸಿದ ಮೇಲೆ ಹುಸಿಯಾಡುವುದು ಕಷ್ಟ. ಬಿಲ್ಲೆಯ ತಯಾರಕನಿಗೆ ಅಂಥ ಭಯವಿಲ್ಲ.

ಅಧ್ಯಾಪಕರಾದ ನಮ್ಮ ವಾಚಕರು ಇಲ್ಲಿ ತಮ್ಮ ಶಾಲೆಯ ಕರಿಹಲಗೆಯ ಮೂಲೆಯನ್ನು ನೆನೆಯಬಹುದು. ದಿನಕ್ಕೊಂದು ಸುಭಾಷಿತವನ್ನು ಅಲ್ಲಿ ಬರೆಸುತ್ತೇವೆ. ಸೋಮವಾರ ಒಬ್ಬ ಮಹಾತ್ಮರು, ಮಂಗಳವಾರ ಇನ್ನೊಬ್ಬರು. ಮಂಗಳವಾರದವರು ಸೋಮವಾರದವರ ಮಾತನ್ನು ಒಪ್ಪುತ್ತಿದ್ದರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಸಂಜೆಯ ಹೊತ್ತಿಗೆ ಒರಸುವ ಬಟ್ಟೆ ಇಬ್ಬರನ್ನೂ ಸಮನಾಗಿ ಕಾಣುತ್ತದೆ.

ಥಾಂಪ್ಸನ್ ತನ್ನ ಯೌವನದಲ್ಲಿ ಇನ್ನೊಬ್ಬರ ಮಾತನ್ನು ಹೇಗೆ ಹೊತ್ತನೆಂಬುದು ನಮಗೆ ಬಿಲ್ಲೆಗಿಂತ ಹೆಚ್ಚಿನ ಪಾಠವನ್ನು ಹೇಳುತ್ತದೆ. ಐವತ್ತರ ದಶಕದ ಕೊನೆಯಲ್ಲಿ ಆತನು ನ್ಯೂಯಾರ್ಕಿನ 'ಟೈಮ್' ಪತ್ರಿಕೆಯಲ್ಲಿ ಪ್ರತಿಗಳನ್ನು ಒಯ್ದುಕೊಡುವ ಹುಡುಗನ ಕೆಲಸಕ್ಕಿದ್ದನು. ಆಗ ಫಿಟ್ಸ್‌ಜೆರಾಲ್ಡನ 'ದಿ ಗ್ರೇಟ್ ಗ್ಯಾಟ್ಸ್‌ಬಿ' ಮತ್ತು ಹೆಮಿಂಗ್ವೇಯ 'ಎ ಫೇರ್‌ವೆಲ್ ಟು ಆರ್ಮ್ಸ್' ಎಂಬ ಕಾದಂಬರಿಗಳನ್ನು ಎದುರಿಗಿಟ್ಟುಕೊಂಡು ಬೆರಳಚ್ಚು ಯಂತ್ರದಲ್ಲಿ ತನ್ನ ಕೈಯಿಂದ ಪ್ರತಿ ಮಾಡಿದನು. ಏಕೆ? ಆ ವಾಕ್ಯಗಳ ಲಯವು ತನ್ನ ಬೆರಳಿಗೆ ಹತ್ತಬೇಕೆಂದು. ಕಾಪಿ ಬರೆಸುವುದು ಮಕ್ಕಳಿಗೆ ಶಿಕ್ಷೆಯೆಂದು ತಿಳಿದವರು ಇದನ್ನು ಗಮನಿಸಬೇಕು. ಪುಟದ ಮೇಲೆ ಪುಟ ಹೀಗೆ ಹೊಡೆಯುವಾಗ ಮೆಚ್ಚಿದ ವಾಕ್ಯವಷ್ಟೇ ಅಲ್ಲ, ಮೆಚ್ಚದ ವಾಕ್ಯವೂ ಬೆರಳಿನ ಕೆಳಗೆ ಹಾದುಹೋಗಬೇಕು. 'ಆದರೆ', 'ಆದುದರಿಂದ' ಎಂಬ ಸಣ್ಣ ಪದಗಳು ಕೂಡ ಬರುತ್ತವೆ. ಬಿಲ್ಲೆಗೆ ಏರುವಾಗ ಮೊದಲು ಉದುರುವುವು ಇವೇ. ನೆಚ್ಚಿನ ವಾಕ್ಯವು ಬರುವ ಮೊದಲು ಗ್ರಂಥಕರ್ತನು ಎಷ್ಟು ಸಾಮಾನ್ಯ ವಾಕ್ಯಗಳನ್ನು ನಿಲ್ಲಿಸಿ ಅದಕ್ಕೆ ದಾರಿ ಮಾಡಿದನೆಂಬುದು ಪ್ರತಿಕಾರನ ಬೆರಳಿಗೆ ತಿಳಿಯುತ್ತದೆ. ಹೀಗೆ ಇನ್ನೊಬ್ಬರ ಮಾತನ್ನು ಹೊತ್ತವನು ಅದನ್ನು ಯಾರಿಗೂ ತೋರಿಸಲಿಲ್ಲ. ಹಲವು ವರ್ಷಗಳ ಮೇಲೆ ಅದು ಅವನದೇ ಆದ ಬೇರೆಯ ದನಿಯಾಗಿ ಹೊರಬಂದಿತು. ಮೇಲಿನವರು ಅವಿಧೇಯತೆಗಾಗಿ ಅವನನ್ನು ಕೆಲಸದಿಂದ ತೆಗೆದುಹಾಕಿದರೆಂಬುದನ್ನೂ ಇಲ್ಲಿ ಹೇಳಿಬಿಡಬೇಕು. ವಿನಯವನ್ನೇನೂ ಆತನು ಆ ಪುಸ್ತಕಗಳಿಂದ ಕಲಿಯಲಿಲ್ಲ.

ಬರೆದವನಿಗೆ ತನ್ನ ಬಿಲ್ಲೆಯಿಂದ ಆಗುವ ನೋವನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. 1974ರಲ್ಲಿ ಗ್ಯಾರಿ ಟ್ರೂಡೋ ಎಂಬ ವ್ಯಂಗ್ಯಚಿತ್ರಕಾರನು ತನ್ನ 'ಡೂನ್ಸ್‌ಬರಿ' ಚಿತ್ರಮಾಲೆಯಲ್ಲಿ ಥಾಂಪ್ಸನ್ನನನ್ನು ಹೋಲುವ ಡ್ಯೂಕ್ ಎಂಬ ಪಾತ್ರವನ್ನು ತಂದನು. ಡ್ಯೂಕ್ ಎಂಬುದು ಥಾಂಪ್ಸನ್ ತನ್ನ ಪುಸ್ತಕದಲ್ಲಿ ತಾನೇ ತೊಟ್ಟ ಹೆಸರು. 1978ರ ಒಂದು ಬಿಬಿಸಿ ಚಿತ್ರದಲ್ಲಿ ಆತನು, ವಿಶ್ವವಿದ್ಯಾಲಯಗಳು ತನ್ನನ್ನು ಭಾಷಣಕ್ಕೆ ಕರೆಯುವಾಗ ಕರೆಯುತ್ತಿರುವುದು ಡ್ಯೂಕನನ್ನೋ ಥಾಂಪ್ಸನ್ನನನ್ನೋ ತನಗೆ ತಿಳಿಯದಾಗಿದೆಯೆಂಬ ಅರ್ಥದ ಮಾತನ್ನಾಡಿದನು. ಮುಖವಾಡವನ್ನು ಮಾಡಿದವನು ಅವನೇ ಎಂಬುದು ನಿಜ; ಕಳಚಲು ಹೋದಾಗ ಅದನ್ನು ಹಿಡಿದು ನಿಲ್ಲಿಸಿದವರು ಅಭಿಮಾನಿಗಳು. ತೀರಿಕೊಂಡವರ ಗತಿ ಇನ್ನೂ ಕಷ್ಟ. 1969ರಲ್ಲಿ ತೀರಿಕೊಂಡ ಜ್ಯಾಕ್ ಕೆರೊವ್ಯಾಕ್ ಎಂಬ ಲೇಖಕನ ಭಾವಚಿತ್ರವನ್ನು 1993ರಲ್ಲಿ ಒಂದು ಉಡುಪಿನ ಕಂಪೆನಿ ಷರಾಯಿಗಳ ಜಾಹೀರಾತಿಗೆ ಬಳಸಿತು. ಮೂಲದ ಚಿತ್ರದಲ್ಲಿ ಅವನ ಹಿಂದೆ ಜಾಯ್ಸ್ ಜಾನ್ಸನ್ ಎಂಬ ಲೇಖಕಿ ನಿಂತಿದ್ದಳು; ಜಾಹೀರಾತಿನಲ್ಲಿ ಅವಳಿಲ್ಲ. ವಾಕ್ಯದಿಂದ 'ಆದರೆ' ಉದುರಿದಂತೆ, ಚಿತ್ರದಿಂದ ಒಬ್ಬ ಹೆಂಗಸು ಉದುರಿದಳು.

ಇಷ್ಟನ್ನು ಓದಿ ಬಿಲ್ಲೆಗಳನ್ನೆಲ್ಲ ನಿಷೇಧಿಸಬೇಕೆಂದು ಯಾವ ಮುಖ್ಯೋಪಾಧ್ಯಾಯರಾದರೂ ಹೊರಟರೆ, ಅವರು ಮುಂದಿನ ಸಂಗತಿಯನ್ನು ತಿಳಿಯುವುದು ಒಳ್ಳೆಯದು. ಮಿಸಿಸಿಪಿ ಸಂಸ್ಥಾನದಲ್ಲಿ ಫಿಲಡೆಲ್ಫಿಯ ಎಂಬ ಸಣ್ಣ ಊರಿದೆ. 1964ರ ಜೂನ್ ತಿಂಗಳಲ್ಲಿ ಆ ಊರಿನ ಹತ್ತಿರ, ನೀಗ್ರೋಗಳ ಮತದಾನದ ಹಕ್ಕಿಗಾಗಿ ದುಡಿಯುತ್ತಿದ್ದ ಮೂವರು ತರುಣರ ಕೊಲೆಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿನ ನೀಗ್ರೋ ಮಕ್ಕಳ ಪ್ರೌಢಶಾಲೆಗೆ ಕೆಲವು ವಿದ್ಯಾರ್ಥಿಗಳು ಒಬ್ಬನಿಗೆ ಒಂದು ಮತವೆಂಬ ಅರ್ಥದ ಬಿಲ್ಲೆಯನ್ನು ಧರಿಸಿ ಬಂದರು. ಮುಖ್ಯೋಪಾಧ್ಯಾಯನು ಬೇಡವೆಂದನು, ಮತ್ತೆ ಮೂವತ್ತು ನಲವತ್ತು ಮಂದಿ ಧರಿಸಿ ಬಂದರು, ಅವರನ್ನು ಒಂದು ವಾರ ಹೊರಗೆ ಹಾಕಿದನು. ಹೆಚ್ಚಿನ ಪೋಷಕರು ರಾಜಿಯಾದರು; ಕೆಲವರು ತಾಯಂದಿರು ಆಗದೆ ನ್ಯಾಯಾಲಯಕ್ಕೆ ಹೋದರು. 1966ರ ಜುಲೈ 21ರಂದು ಮೇಲಿನ ನ್ಯಾಯಾಲಯವು ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು: ಬಿಲ್ಲೆ ಪಾಠಕ್ಕೆ ಅಡ್ಡಿಯಾಗಲಿಲ್ಲ, ಆದುದರಿಂದ ಅದನ್ನು ತಡೆಯುವ ಅಧಿಕಾರ ಶಾಲೆಗಿಲ್ಲ. ಇವರಿಗೂ ತಮ್ಮ ಎದೆಯ ಮೇಲಿನ ಮಾತನ್ನು ಬರೆದುಕೊಟ್ಟವರು ಬೇರೆಯವರೇ. ಆದರೆ ಆ ಊರಿನಲ್ಲಿ ಆ ವರ್ಷ ಅದನ್ನು ಧರಿಸಿ ಬೀದಿಯಲ್ಲಿ ನಡೆದ ಮಗುವನ್ನು, ಈ ಮಾತು ನಿನ್ನದೋ ಎಂದು ಕೇಳುವ ಅರ್ಹತೆ ಯಾರಿಗಿದೆ?

ಅದೇ ದಿನ ಅದೇ ನ್ಯಾಯಾಲಯವು ಅದೇ ಸಂಸ್ಥಾನದ ಇನ್ನೊಂದು ಶಾಲೆಯ ಬಿಲ್ಲೆಯ ಮೊಕದ್ದಮೆಯಲ್ಲಿ ಶಾಲೆಯ ಪರವಾಗಿ ತೀರ್ಪು ಕೊಟ್ಟಿತು. ಅಲ್ಲಿಯ ಬಿಲ್ಲೆಯೂ ಅದೇ ಚಳವಳಿಯದು. ಧರಿಸಿದವರೂ ಅಂಥ ಮಕ್ಕಳೇ. ವ್ಯತ್ಯಾಸವೇನೆಂದರೆ, ಅಲ್ಲಿ ಧರಿಸಿದವರು ಧರಿಸಲೊಲ್ಲದವರನ್ನು ತಡೆದು ಅವರ ಅಂಗಿಗೂ ಚುಚ್ಚಹೊರಟರು. ಬಿಲ್ಲೆಯನ್ನು ಚುಚ್ಚಹೋದಾಗ ಒಂದು ಎಳೆಯ ಮಗು ಅಳಲಾರಂಭಿಸಿತೆಂದು ತೀರ್ಪಿನಲ್ಲಿ ನಮೂದಾಗಿದೆ. 1969ರಲ್ಲಿ ಅಯೋವದ ಡೆಮಾಯಿನ್ ಊರಿನ ಮಕ್ಕಳು ವಿಯೆಟ್ನಾಂ ಯುದ್ಧದ ವಿಷಾದಕ್ಕಾಗಿ ಕಪ್ಪು ಪಟ್ಟಿ ಕಟ್ಟಿಕೊಂಡುದನ್ನು ಅಮೆರಿಕದ ಶ್ರೇಷ್ಠ ನ್ಯಾಯಾಲಯವು ಏಳಕ್ಕೆ ಎರಡು ಮತದಿಂದ ಎತ್ತಿಹಿಡಿದಾಗ, ಈ ಎರಡು ತೀರ್ಪುಗಳನ್ನೂ ಉಲ್ಲೇಖಿಸಿತು. ನ್ಯಾಯಾಧೀಶರ ಅಳತೆಗೋಲು ಶಾಲೆಯ ಶಿಸ್ತು. ನಮ್ಮ ಮನಸ್ಸು ನಿಲ್ಲುವುದು ಆ ಅಳುವ ಮಗುವಿನ ಹತ್ತಿರ. ಮಾತು ಎಷ್ಟು ಸತ್ಯವಾದರೂ ಸರಿ, ಅದರ ಸೂಜಿಯನ್ನು ಇನ್ನೊಬ್ಬನ ಅಂಗಿಗೆ ನಾವು ಚುಚ್ಚಬಹುದೆ?

ಗಡಿನಾಡಿನ ಕನ್ನಡ ಶಾಲೆಗಳ ನಮಗೆ ಈ ಪ್ರಶ್ನೆ ಕಡಲಾಚೆಯದಲ್ಲ. ನವೆಂಬರ್ ಒಂದರಂದು ಕೆಂಪು ಹಳದಿಯ ಪಟ್ಟಿಯನ್ನು ಮಕ್ಕಳ ಎದೆಗೆ ಚುಚ್ಚುವವರು ನಾವು. ಬೆಂಗಳೂರಿನಲ್ಲಿ ಅದು ಹಬ್ಬದ ಗುರುತು. ಗಡಿಯಾಚೆಯ ಊರಿನಲ್ಲಿ, ಮಗು ಶಾಲೆಯಿಂದ ಮನೆಗೆ ನಡೆಯುವ ಬೀದಿಯಲ್ಲಿ, ಅದಕ್ಕೆ ಬೇರೆ ಅರ್ಥವನ್ನೂ ಓದುವವರಿರಬಹುದು. ನಾವು ಚುಚ್ಚಬಾರದೆಂದಲ್ಲ. ಆದರೆ ಐದನೆಯ ತರಗತಿಯ ಮಗು ಅದನ್ನು ಕೇಳಿ ಪಡೆಯಿತೋ, ಸಾಲಿನಲ್ಲಿ ನಿಂತುದರಿಂದ ಪಡೆಯಿತೋ ಎಂಬುದು ಬೇರೆ ಬೇರೆ. ಆ ಬಣ್ಣಗಳನ್ನು ಕುರಿತು ಬೀದಿಯಲ್ಲಿ ಯಾರಾದರೂ ಕೇಳಿದರೆ ಹೇಳಲು ಎರಡು ಮಾತನ್ನು ಮಗುವಿಗೆ ಕಲಿಸಿದ್ದೇವೆಯೋ ಇಲ್ಲವೋ ಎಂಬುದನ್ನು ಚುಚ್ಚುವ ಮೊದಲೇ ಯೋಚಿಸಬೇಕಾಗಿದೆ.

ಇನ್ನು, ಥಾಂಪ್ಸನ್ನನದೋ ಮತ್ತಾರದೋ ಬಿಲ್ಲೆಯೊಂದನ್ನು ಧರಿಸಿ ಹಿರಿಯ ವಿದ್ಯಾರ್ಥಿಯೊಬ್ಬನು ನಮ್ಮ ತರಗತಿಗೆ ಬಂದರೆ ಏನು ಮಾಡೋಣ? ತೆಗೆಸುವುದು ಬೇಡ. ಈ ವಾಕ್ಯದ ಹಿಂದಿನ ವಾಕ್ಯ ಯಾವುದು, ಮುಂದಿನದು ಯಾವುದು ಎಂದು ಕೇಳೋಣ. ತಿಳಿಯದೆಂದರೆ ಗದರಿಸುವುದೂ ಬೇಡ. ಹದಿನಾರನೆಯ ವಯಸ್ಸಿನಲ್ಲಿ ಮಾತು ಮೊದಲು ಎದೆಗೆ ಹತ್ತಿ ಆಮೇಲೆ ತಲೆಗೆ ಏರುವುದುಂಟು, ಬಿಲ್ಲೆಯಿಂದ ಪುಸ್ತಕಕ್ಕೆ ಹೋದವರೂ ಉಂಟು. ಅಧ್ಯಾಪಕನೇ ಧರಿಸಿ ಬಂದರೆ? ಆಗ ವಿಷಯವು ಕಠಿನವಾಗುತ್ತದೆ. ಅವನ ಎದೆಯ ಮೇಲಿನ ವಾಕ್ಯಕ್ಕೆ ಎದುರುತ್ತರ ಕೊಡುವ ಧೈರ್ಯ ಮಣೆಯ ಮೇಲೆ ಕುಳಿತ ಮಕ್ಕಳಿಗಿರುವುದಿಲ್ಲ. ಜವಾನನ ಹಿತ್ತಾಳೆಯ ಬಿಲ್ಲೆಯ ಮುಂದೆ ಹಳ್ಳಿಯವರಿಗೆ ಇರಲಿಲ್ಲವಲ್ಲ, ಹಾಗೆ. ಅಂಥ ಅಧ್ಯಾಪಕನು ಬಿಲ್ಲೆಯನ್ನು ಬಾಗಿಲಲ್ಲಿಯೇ ಕಳಚಿ ಜೇಬಿನಲ್ಲಿಟ್ಟು, ಆ ವಾಕ್ಯವಿರುವ ಪುಟವನ್ನು ಇಡಿಯಾಗಿ ಓದಿಹೇಳಲಿ ಎಂಬುದು ನಮ್ಮ ಅಭಿಪ್ರಾಯ. ಓದುವಾಗ ಮಕ್ಕಳು ನಡುವೆ ತಡೆದು ಪ್ರಶ್ನೆ ಕೇಳಬಹುದು.